ಮಲೆಸೀಮೆಯ ಶಿಶುಶಾಲೆಗಳು: ಒಂದು ತೌಲನಿಕ ವಿವೇಚನೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ನಾಣ್ಣುಡಿಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಆ ಗಿಡ ಎಂತಹ ಮಣ್ಣಿನಲ್ಲಿ ನಿಂತಿದೆ, ಅದಕ್ಕೆ ನೀರೆರೆಯುವವರು ಯಾರು, ಎರೆದ ನೀರು ಬುಡವನ್ನು ಮುಟ್ಟುತ್ತದೆಯೇ ಎಂದು ವಿಚಾರಿಸುವವರು ವಿರಳ. ಮೂರರಿಂದ ಆರು ವರ್ಷಗಳವರೆಗಿನ ವಯಸ್ಸು ಮನುಷ್ಯನಲ್ಲಿ ಮಾತು ಬಲಿಯುವ, ಕೈಕಾಲು ಹದಗೊಳ್ಳುವ, ನಾಲ್ವರೊಡನೆ ಕೂಡಿ ಬಾಳುವ ಗುಣ ಮೊಳೆಯುವ ಕಾಲ. ಈ ವಯಸ್ಸಿನ ಮಕ್ಕಳಿಗಾಗಿ ಸಾರ್ವಜನಿಕ ವೆಚ್ಚದಿಂದ ನಡೆಯುವ ಸಂಸ್ಥೆಗಳು ಇಂದು ಒಂದು ಬಗೆಯವಾಗಿ ಉಳಿದಿಲ್ಲ. ಆದುದರಿಂದ ‘ಯಾವುದು ಮೇಲು?’ ಎಂದು ತಂದೆತಾಯಿಗಳು ಕೇಳುವುದು ಸಹಜವಾಗಿದೆ. ಹಾಸನ ಜಿಲ್ಲೆಯ ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಮಲೆಸೀಮೆಯನ್ನು ಕಣ್ಣ ಮುಂದಿರಿಸಿಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೆಸರು ಮತ್ತು ಹಿನ್ನೆಲೆ

ಮೊದಲು ‘ಅಂಗನವಾಡಿ’ ಎಂಬ ಹೆಸರನ್ನು ನೋಡೋಣ. ಅಂಗನ, ಅಂಗಣ ಇವೆರಡೂ ಸಂಸ್ಕೃತದಲ್ಲಿ ಸಾಧುರೂಪಗಳೇ. ಮನೆಯ ಮುಂದಣ ಬಯಲು, ಅಂಗಳ ಎಂಬುದು ಅರ್ಥ. ‘ವಾಡಿ’ ಎಂಬುದು ‘ವಾಟೀ’, ‘ವಾಟಿಕಾ’ ಶಬ್ದಗಳಿಗೆ ಸಂಬಂಧಿಸಿದುದು; ಬೇಲಿ ಕಟ್ಟಿದ ತಾಣ, ತೋಟ ಎಂದು ಅದರ ಭಾವ. ಜರ್ಮನಿಯ ಫ್ರೊಬೆಲ್ ಮಹಾಶಯನು ೧೮೩೭ರಲ್ಲಿ ಶಿಶುಗಳಿಗಾಗಿ ಸಂಸ್ಥೆಯೊಂದನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟನು. ಅದರ ಅರ್ಥವೂ ಮಕ್ಕಳ ತೋಟವೆಂದೇ. ಮರಿಯಾ ಮಾಂಟೆಸ್ಸೊರಿಯವರು ೧೯೦೭ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ಯನ್ನು ಆರಂಭಿಸಿದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು ಈ ಶಿಕ್ಷಣವನ್ನು ಪಟ್ಟಣದಿಂದ ಹಳ್ಳಿಗೆ ಕೊಂಡೊಯ್ದರು. ೧೯೪೫ರಲ್ಲಿ ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಗ್ರಾಮವನ್ನು ತಮ್ಮ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡು, ಬಡವರ ಮಕ್ಕಳು ಬಾಲವಾಡಿಗೆ ಬಾರದಿದ್ದರೆ ಬಾಲವಾಡಿಯೇ ಆ ಮಕ್ಕಳ ಅಂಗಳಕ್ಕೆ ಹೋಗತಕ್ಕದ್ದೆಂದು ಅವರು ಮಾಡಿ ತೋರಿಸಿದರು. ‘ಅಂಗನವಾಡಿ’ ಎಂಬ ಮಾತಿನ ಹಿಂದಿರುವ ತತ್ತ್ವವು ಇದೇ. ಮುಂದಿನ ವಿವೇಚನೆಗೆಲ್ಲ ಇದು ತಳಹದಿಯಾದುದರಿಂದ ವಾಚಕರು ಇದನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು.

ಕೇಂದ್ರ ಸರ್ಕಾರವು ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ ೩೩ ಕಡೆಗಳಲ್ಲಿ ಪ್ರಯೋಗರೂಪದಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸಿಕೊಡುವುದು, ತಾಯಂದಿರಿಗೆ ಆರೋಗ್ಯಶಿಕ್ಷಣ, ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಒಂದೇ ಸೂರಿನಡಿಗೆ ತಂದುದು ಈ ಯೋಜನೆಯ ವೈಶಿಷ್ಟ್ಯ. ೨೦೨೫ಕ್ಕೆ ಅದಕ್ಕೆ ಐವತ್ತು ವರ್ಷ ತುಂಬಿತು.

ನೆಲದ ಸ್ವರೂಪ

ಹಿಂದೆ ಮಂಜರಾಬಾದು ಎಂದು ಹೆಸರಾಗಿದ್ದ ಸಕಲೇಶಪುರದ ಸೀಮೆಯು ಪಶ್ಚಿಮಘಟ್ಟದ ನೆತ್ತಿಯ ಮೇಲಿದೆ. ಹೆತ್ತೂರು, ಯಸಳೂರು, ಹಾನುಬಾಳುಗಳ ಕಡೆ ಊರೆಂದರೆ ಮನೆಗಳ ಸಾಲಲ್ಲ; ಗುಡ್ಡಕ್ಕೊಂದು, ಕಣಿವೆಗೆರಡು ಎಂಬಂತೆ ಚದುರಿದ ಮನೆಗಳು, ನಡುನಡುವೆ ಕಾಫಿತೋಟಗಳು, ತೋಟದೊಳಗೆ ಕೂಲಿಯವರ ಲೈನುಮನೆಗಳು, ತಗ್ಗಿನಲ್ಲಿ ಗದ್ದೆಗಳು. ಆಲೂರು ತಾಲ್ಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಸೇತುವೆ. ಅದರ ಪೂರ್ವಭಾಗದಲ್ಲಿ ಊರುಗಳು ಒತ್ತಾಗಿವೆ. ಪಶ್ಚಿಮಕ್ಕೆ ಸರಿದಂತೆ ಅಲ್ಲಿಯೂ ತೋಟ, ಕಾಡು, ಒಂಟಿಮನೆಗಳೇ. ಎರಡೂ ತಾಲ್ಲೂಕುಗಳ ಜನರು ಕಾಡಾನೆಗಳ ಸಂಚಾರವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮನೆಯಿಂದ ಹೊರಡಬೇಕು. ಶಾಲೆಗಳು ತೆರೆಯುವ ಜೂನ್ ತಿಂಗಳಲ್ಲಿಯೇ ಮುಂಗಾರು ಇಳಿಯುತ್ತದೆ. ಹಳ್ಳ ತುಂಬುತ್ತದೆ, ಕಾಲುಸಂಕ ಮುಳುಗುತ್ತದೆ. ಜಿಲ್ಲಾಡಳಿತವು ಶಾಲೆಗಳಿಗೂ ಅಂಗನವಾಡಿಗಳಿಗೂ ಮಳೆಯ ರಜೆ ಘೋಷಿಸುವುದು ಇಲ್ಲಿ ವರ್ಷವರ್ಷದ ಸಂಗತಿ. ಇಂತಹ ನೆಲದಲ್ಲಿ ಶಿಶುಶಾಲೆಗಳನ್ನು ತೂಗಿ ನೋಡುವಾಗ ಪಟ್ಟಣದ ತಕ್ಕಡಿ ಕೆಲಸಕ್ಕೆ ಬಾರದು.

ಮೂರು ಬಗೆಯ ಸಂಸ್ಥೆಗಳು

ಮೊದಲನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಂಗನವಾಡಿ. ಇಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಜನಸಂಖ್ಯೆ ಕಡಮೆಯಿರುವೆಡೆ ‘ಮಿನಿ ಅಂಗನವಾಡಿ’ಗಳು ಏರ್ಪಟ್ಟವು. ಅವುಗಳಲ್ಲಿ ಸಹಾಯಕಿಯಿರಲಿಲ್ಲ, ಪಾಠ ಹೇಳುವ ಕೈಯೇ ಒಲೆ ಹೊತ್ತಿಸಬೇಕಾಗಿತ್ತು. ೨೦೨೩ರಿಂದೀಚೆಗೆ ಇಂತಹವನ್ನು ಪೂರ್ಣ ಕೇಂದ್ರಗಳನ್ನಾಗಿ ಏರಿಸುವ ಕ್ರಮವು ಮೊದಲಾಗಿದೆ.

ಎರಡನೆಯದು ಶಿಕ್ಷಣ ಇಲಾಖೆಯ ಪೂರ್ವಪ್ರಾಥಮಿಕ ತರಗತಿ. ಜನರ ಬಾಯಲ್ಲಿ ಎಲ್‌ಕೆಜಿ, ಯುಕೆಜಿ. ೨೦೧೮-೧೯ರಿಂದ ಸ್ಥಾಪಿತವಾಗತೊಡಗಿದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಈ ತರಗತಿಗಳು ಬೇರೂರಿ, ಬಳಿಕ ಇತರ ಸರ್ಕಾರಿ ಶಾಲೆಗಳಿಗೂ ಹಬ್ಬಿದವು. ಇಂತಹ ಶಾಲೆಗಳು ಸಾಮಾನ್ಯವಾಗಿ ಹೋಬಳಿ ಕೇಂದ್ರದಲ್ಲಿ ಅಥವಾ ರಸ್ತೆಯ ಬದಿಯ ದೊಡ್ಡ ಊರಿನಲ್ಲಿರುತ್ತವೆ.

ಮೂರನೆಯದು ಶಾಲೆಯೆನ್ನುವುದಕ್ಕಿಂತ ಆಸರೆಯೆನ್ನಬೇಕಾದುದು. ೧೯೫೧ರ ತೋಟ ಕಾರ್ಮಿಕರ ಕಾಯಿದೆಯು ಐವತ್ತು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾಗೃಹ ಇರತಕ್ಕದ್ದೆಂದು ವಿಧಿಸಿತು. ದುಡಿಯುವ ತಾಯಂದಿರ ಇಪ್ಪತ್ತು ಮಕ್ಕಳಿದ್ದರೂ ಇರಬೇಕೆಂದು ಮುಂದೆ ತಿದ್ದುಪಡಿಯಾಯಿತು. ಈ ವಿಷಯವು ಈಗ ೨೦೨೦ರ ಕಾರ್ಮಿಕ ಸಂಹಿತೆಯ ವ್ಯಾಪ್ತಿಗೆ ಸೇರಿದೆ. ಆದರೆ ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಹತ್ತು ಹನ್ನೆರಡು ಆಳುಗಳ ತೋಟಕ್ಕೆ ಆ ವಿಧಿ ತಾಗದು. ೨೦೨೩ರಲ್ಲಿ ರಾಜ್ಯ ಸರ್ಕಾರವು ಗ್ರಾಮ ಪಂಚಾಯಿತಿಗಳ ಮೂಲಕ ‘ಕೂಸಿನ ಮನೆ’ಗಳನ್ನು ಏರ್ಪಡಿಸಲು ತೊಡಗಿತು. ಇವು ಮೂರು ವರ್ಷದೊಳಗಿನ ಎಳೆಯರಿಗಾಗಿ. ಮೂರು ತುಂಬಿದ ಮಗು ಮೊದಲೆರಡು ಬಗೆಗಳಲ್ಲಿ ಒಂದನ್ನು ಸೇರಲೇಬೇಕು. ಆದುದರಿಂದ ನಮ್ಮ ತುಲನೆಯು ಮುಖ್ಯವಾಗಿ ಅಂಗನವಾಡಿಗೂ ಶಾಲೆಯ ಪೂರ್ವಪ್ರಾಥಮಿಕ ತರಗತಿಗೂ ಸಂಬಂಧಿಸಿದುದು. ಇದಕ್ಕೆ ದಾರಿ, ಅನ್ನ, ಹೊತ್ತು, ಬೋಧಕಿ, ಮಾತು ಎಂಬ ಐದು ಅಳತೆಗೋಲುಗಳನ್ನು ಇಟ್ಟುಕೊಳ್ಳಬಹುದು.

೧. ದಾರಿ

ನಾಲ್ಕು ವರ್ಷದ ಮಗು ತನ್ನ ಕಾಲಿನಿಂದ ಎಷ್ಟು ದೂರ ನಡೆಯಬಲ್ಲದು? ಶಿಶುಶಾಲೆಯ ಗುಣವನ್ನು ನಿರ್ಣಯಿಸುವ ಮೊದಲ ಪ್ರಶ್ನೆ ಇದು. ಕೇಂದ್ರದ ನಿಯಮದಂತೆ ಸಾಮಾನ್ಯ ಪ್ರದೇಶದಲ್ಲಿ ೪೦೦ರಿಂದ ೮೦೦ ಜನಸಂಖ್ಯೆಗೆ ಒಂದು ಅಂಗನವಾಡಿ. ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ ೩೦೦ರಿಂದ ೮೦೦ಕ್ಕೆ ಒಂದು, ೧೫೦ರಿಂದ ೩೦೦ಕ್ಕೆ ಮಿನಿ ಕೇಂದ್ರ. ಸರ್ವೋಚ್ಚ ನ್ಯಾಯಾಲಯವು ೨೦೦೬ರ ಡಿಸೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಹಳ್ಳಿ ಅಥವಾ ಕೊಳೆಗೇರಿಯ ಜನರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರವನ್ನು ತೆರೆಯಬೇಕೆಂದು ಆದೇಶಿಸಿತು. ಇವೆಲ್ಲ ಜನಹಿತದ ವಿಧಿಗಳೇ. ಆದರೂ ಇವು ತಲೆಗಳನ್ನು ಎಣಿಸುತ್ತವೆಯೇ ಹೊರತು ದಾರಿಯನ್ನು ಅಳೆಯುವುದಿಲ್ಲ. ಬಯಲುಸೀಮೆಯಲ್ಲಿ ೪೦೦ ಜನ ಎರಡು ಬೀದಿಗಳಲ್ಲಿ ನೆರೆದಿರುತ್ತಾರೆ. ಹೆತ್ತೂರಿನ ಕಡೆ ಅಷ್ಟೇ ಜನ ಮೂರು ಗುಡ್ಡಗಳ ಮೇಲೆ ಹರಡಿರುತ್ತಾರೆ. ಅಲ್ಲಿ ನೂರು ಮಾರು ದೂರದಲ್ಲಿರುವ ಕೇಂದ್ರವು ಇಲ್ಲಿ ಒಂದು ಹಳ್ಳ, ಎರಡು ಏರು, ಒಂದು ಆನೆದಾರಿ ದಾಟಿದ ಮೇಲೆ ಸಿಕ್ಕುತ್ತದೆ.

ಹೀಗಿದ್ದರೂ ದಾರಿಯ ವಿಷಯದಲ್ಲಿ ಅಂಗನವಾಡಿಯೇ ಮೇಲು. ಹೋಬಳಿಯ ದೊಡ್ಡ ಶಾಲೆಯನ್ನು ಮುಟ್ಟಲು ಬಾಡಿಗೆಯ ಆಟೋ ಬೇಕು, ಇಲ್ಲವೇ ತಂದೆಯ ಬೈಕು ಬೇಕು. ದಿನಗೂಲಿಯ ತಾಯಿಗೆ ಎರಡೂ ಇಲ್ಲ. ಶಾಲೆ ಉಚಿತವಾದರೂ ಅಲ್ಲಿಗೆ ಹೋಗುವ ದಾರಿ ಉಚಿತವಲ್ಲ.

೨. ಅನ್ನ

ಹಸಿದ ಹೊಟ್ಟೆಗೆ ಅಕ್ಷರ ಹಿಡಿಸದು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರವನ್ನು ಹಕ್ಕಾಗಿ ನೀಡಿತು. ಅದೇ ವರ್ಷ ಆರಂಭವಾದ ಕ್ಷೀರಭಾಗ್ಯದಿಂದ ಹಾಲೂ ದೊರೆಯಿತು. ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಮೊದಲು ಒಂದನೆಯ ತರಗತಿಯಿಂದ ಮೇಲ್ಪಟ್ಟವರಿಗೆ ಮಾತ್ರ ಇದ್ದಿತು. ೨೦೨೧ರಲ್ಲಿ ಕೇಂದ್ರದ ಊಟದ ಯೋಜನೆಯು ‘ಪಿ.ಎಂ. ಪೋಷಣ್’ ಎಂದು ಹೊಸ ರೂಪ ತಾಳಿದಾಗ ಶಾಲೆಗೆ ಸೇರಿದ ಬಾಲವಾಟಿಕೆಯ ಮಕ್ಕಳೂ ಅದರ ವ್ಯಾಪ್ತಿಗೆ ಬಂದರು. ಮೇಲ್ನೋಟಕ್ಕೆ ಎರಡೂ ಕಡೆ ಎಲೆ ಹಾಸಿದೆ. ಆದರೆ ಅಂಗನವಾಡಿಯಲ್ಲಿ ಅನ್ನದೊಡನೆ ತಕ್ಕಡಿಯೂ ಇದೆ. ಮಗುವಿನ ತೂಕವನ್ನೂ ಎತ್ತರವನ್ನೂ ನೋಡಿ ಬರೆದಿಟ್ಟು, ಸೊರಗಿದ ಮಗುವನ್ನು ಗುರುತಿಸುವ ಏರ್ಪಾಡು ಅಲ್ಲಿದೆ. ಮಗುವಿನ ಬಸುರಿ ತಾಯಿಗೂ ತೊಟ್ಟಿಲ ತಮ್ಮನಿಗೂ ನೆರವು ಅಲ್ಲಿಂದಲೇ. ೨೦೧೭ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು ಬಸುರಿ ಬಾಣಂತಿಯರಿಗೆ ಕೇಂದ್ರದಲ್ಲಿಯೇ ಬಿಸಿಯೂಟ ನೀಡತೊಡಗಿತು. ಅಂಗನವಾಡಿಯು ಮಗುವನ್ನು ಕುಟುಂಬದ ಕುಡಿಯಾಗಿ ಕಾಣುತ್ತದೆ. ಶಾಲೆಯು ವಿದ್ಯಾರ್ಥಿಯಾಗಿ ಮಾತ್ರ ಕಾಣುತ್ತದೆ.

೩. ಹೊತ್ತು

ತೋಟದ ಕೆಲಸ ಬೆಳಿಗ್ಗೆ ಎಂಟರ ಸುಮಾರಿಗೆ ಆರಂಭವಾಗಿ ಸಂಜೆಯವರೆಗೆ ನಡೆಯುತ್ತದೆ. ಅಂಗನವಾಡಿಯಾಗಲಿ ಶಾಲೆಯಾಗಲಿ ಆ ಹೊತ್ತಿಗೆ ಬಾಗಿಲು ತೆರೆದಿರುವುದಿಲ್ಲ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಮೊದಲಾಗಿ, ರೊಬಸ್ಟಾ ಕೊಯ್ಲು ಬೇಸಿಗೆಯ ಬಾಗಿಲವರೆಗೂ ಸಾಗುತ್ತದೆ. ಹಣ್ಣು ಕೊಯ್ಯುವ ಹೆಂಗಸರಿಗೆ ಕೊಯ್ದ ತೂಕದ ಮೇಲೆ ಕೂಲಿಯಾದಾಗ ಮಗುವನ್ನು ಬಿಟ್ಟುಬರಲು ಕಳೆಯುವ ಒಂದು ಗಂಟೆಯೂ ಕೂಲಿಯ ನಷ್ಟ. ಆಗ ಅಕ್ಕನ ಶಾಲೆ ಬಿಡಿಸಿ ತಂಗಿಯನ್ನು ನೋಡಿಕೊಳ್ಳಲು ನಿಲ್ಲಿಸುವುದುಂಟು. ಒಂದು ಮಗುವಿಗೆ ಶಿಶುಶಾಲೆ ತಪ್ಪಿದರೆ ಇನ್ನೊಂದು ಮಗುವಿಗೆ ಪಾಠಶಾಲೆ ತಪ್ಪುತ್ತದೆ. ಈ ಅಳತೆಯಲ್ಲಿ ಎರಡು ಬಗೆಯ ಸಂಸ್ಥೆಗಳೂ ಹಿಂದೆ ಬಿದ್ದಿವೆ. ಸಂಜೆ ನಾಲ್ಕರವರೆಗೆ ನಡೆಯುವ ಅಂಗನವಾಡಿಯೂ ತೋಟದ ಗಡಿಯಾರಕ್ಕೆ ಪೂರ್ತಿ ಹೊಂದುವುದಿಲ್ಲ. ಕೊಯ್ಲಿನ ನಾಲ್ಕು ತಿಂಗಳಾದರೂ ಕೇಂದ್ರದ ವೇಳೆಯನ್ನು ಬೆಳಗಿನತ್ತ ಸರಿಸಿ, ಹೆಚ್ಚಿನ ಹೊತ್ತಿಗೆ ತಕ್ಕ ಹೆಚ್ಚಿನ ಸಂಭಾವನೆಯನ್ನು ನಿಗದಿ ಮಾಡಿದರೆ ಅದಕ್ಕಿಂತ ದೊಡ್ಡ ಸುಧಾರಣೆ ಬೇರೊಂದಿಲ್ಲ.

೪. ಬೋಧಕಿ

ಕಟ್ಟಡ, ಬಣ್ಣದ ಗೋಡೆ, ಸಮವಸ್ತ್ರಗಳು ಕಣ್ಣಿಗೆ ಬೇಗ ಬೀಳುತ್ತವೆ. ಇವುಗಳಲ್ಲಿ ಶಾಲೆಯ ತರಗತಿಯು ಮುಂದೆ. ಆದರೆ ಶಿಶುಶಾಲೆಯೆಂದರೆ ಕೊನೆಗೆ ಒಬ್ಬ ಹೆಣ್ಣುಮಗಳ ತಾಳ್ಮೆ. ಪೂರ್ವಪ್ರಾಥಮಿಕ ತರಗತಿಯ ಶಿಕ್ಷಕಿಗೆ ಪಾಠವೊಂದೇ ಕೆಲಸ. ಅದು ಆಕೆಯ ಅನುಕೂಲ. ಸಾಮಾನ್ಯವಾಗಿ ಆಕೆ ಗೌರವಧನದ ಅತಿಥಿ ಶಿಕ್ಷಕಿ, ಮುಂದಿನ ವರ್ಷ ಇರುವಳೋ ಇಲ್ಲವೋ ತಿಳಿಯದು. ಅದು ಮಗುವಿನ ಅನನುಕೂಲ. ಅಂಗನವಾಡಿಯ ಕಾರ್ಯಕರ್ತೆ ಅದೇ ಊರಿನವಳು. ಮಗುವಿನ ತಾಯಿಯ ಬಸುರಿನಿಂದ ಹಿಡಿದು ಎಲ್ಲವನ್ನೂ ಬಲ್ಲವಳು. ಆದರೆ ಆಕೆಯ ಹೆಗಲ ಮೇಲೆ ದಾಖಲೆ ಪುಸ್ತಕಗಳು, ಮನೆಮನೆಯ ಸಮೀಕ್ಷೆ, ಕೆಲವೆಡೆ ಮತದಾರರ ಪಟ್ಟಿ, ೨೦೨೧ರಿಂದ ಮೊಬೈಲಿನ ಪೋಷಣ್ ಟ್ರ್ಯಾಕರ್. ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಹಾಡು, ಕಥೆ, ಆಟ. ಸರ್ವೋಚ್ಚ ನ್ಯಾಯಾಲಯವು ೨೦೨೨ರ ಏಪ್ರಿಲ್‌ನಲ್ಲಿ, ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಉಪದಾನಕ್ಕೆ, ಎಂದರೆ ಗ್ರ್ಯಾಚ್ಯುಯಿಟಿಗೆ, ಅರ್ಹರೆಂದು ತೀರ್ಪಿತ್ತಿತು. ಅವರ ದುಡಿಮೆಗೆ ‘ಗೌರವಧನ’ವೆಂಬ ಹೆಸರಿದ್ದರೂ ಅದು ಬಿಡುವಿನ ವೇಳೆಯ ಸೇವೆಯಲ್ಲ, ಪೂರ್ಣಕಾಲದ ಕಾಯಕವೆಂಬುದು ಇದರಿಂದ ಸ್ಪಷ್ಟವಾಯಿತು.

೫. ಮಾತು

ತಂದೆತಾಯಿಗಳು ಅಂಗನವಾಡಿಯನ್ನು ಬಿಟ್ಟು ಎಲ್‌ಕೆಜಿಯತ್ತ ತಿರುಗಲು ಮುಖ್ಯ ಕಾರಣ ಇಂಗ್ಲಿಷು. ಈ ಆಸೆಯನ್ನು ಹಳಿಯುವುದು ಸಲ್ಲದು. ತಮ್ಮ ಮಕ್ಕಳು ಲೈನುಮನೆಯಿಂದ ಮೇಲೇಳಲಿ ಎಂಬ ಹಂಬಲವೇ ಅದರ ಮೂಲ. ಆದರೆ ಮೂರು ನಾಲ್ಕು ವರ್ಷದ ಮಗುವಿನ ಬುದ್ಧಿಗೆ ಬೇಕಾದುದೇನು ಎಂಬುದನ್ನು ತಾಳ್ಮೆಯಿಂದ ಯೋಚಿಸಬೇಕು.

ಈ ಸೀಮೆಯಲ್ಲಿ ಕನ್ನಡದೊಡನೆ ತುಳು, ತಮಿಳು, ಮಲಯಾಳ, ಬ್ಯಾರಿ, ಉರ್ದು ಮನೆಮಾತುಗಳಿವೆ. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮು, ಬಂಗಾಳಗಳಿಂದಲೂ ಉತ್ತರ ಕರ್ನಾಟಕದಿಂದಲೂ ಕೂಲಿಕಾರರು ತೋಟಗಳಿಗೆ ಬಂದಿದ್ದಾರೆ. ಇಂತಹ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮೊದಲು ಕಲಿಯುವುದು ಅಂಗನವಾಡಿಯ ಚಾಪೆಯ ಮೇಲೆ, ಇತರ ಮಕ್ಕಳ ಬಾಯಿಂದ. ಮಗು ಮೊದಲು ಕೇಳುತ್ತದೆ, ಬಳಿಕ ಆಡುತ್ತದೆ, ಅನಂತರ ಓದುತ್ತದೆ, ಕೊನೆಗೆ ಬರೆಯುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿ, ಆಡಬಾರದ ಭಾಷೆಯ ಅಕ್ಷರಗಳನ್ನು ಗೆರೆಯೊಳಗೆ ಬರೆಯಿಸಿದರೆ ಕೈ ಪಳಗೀತು, ಮನಸ್ಸು ಪಳಗದು. ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಆದರೆ ಆ ಅಕ್ಷರದ ಧ್ವನಿಯನ್ನು ಮಗುವಿನ ಕಿವಿ ಮೊದಲೇ ಬಲ್ಲುದಾಗಿತ್ತು. ಮಲೆನಾಡಿನ ಮಗುವಿಗೆ ಸೋನೆ, ಜಡಿ, ತುಂತುರು, ಹೂಮಳೆ ಎಂದು ಮಳೆಯ ಬಗೆಗಳೇ ಗೊತ್ತು. ತಕ್ಕ ಕಾಲಕ್ಕೆ ಹೂಮಳೆ ಬಾರದಿದ್ದರೆ ಮನೆಯ ಹಿರಿಯರ ಮುಖ ಬಾಡುವುದೂ ಗೊತ್ತು. ಅಂತಹ ಮಗುವಿಗೆ ಮಳೆಯನ್ನು ಹೋಗೆಂದು ಬೇಡುವ ಪರದೇಶದ ಶಿಶುಗೀತೆಯನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡಿಸುವುದರಿಂದ ಆಗುವ ಲಾಭವೇನು?

ರಾಷ್ಟ್ರೀಯ ಶಿಕ್ಷಣ ನೀತಿ (೨೦೨೦) ಹಾಗೂ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು (೨೦೨೨) ಇವೆರಡೂ ಎಳೆಯ ಮಕ್ಕಳ ಕಲಿಕೆ ಮನೆಮಾತಿನಲ್ಲಿ, ಆಟದ ಮೂಲಕ ಆಗಬೇಕೆಂದೇ ಹೇಳಿವೆ. ಕರ್ನಾಟಕದ ಅಂಗನವಾಡಿಗಳಿಗೆ ರೂಪಿತವಾದ ‘ಚಿಲಿಪಿಲಿ’ ಎಂಬ ಚಟುವಟಿಕೆಗಳ ಕ್ರಮವೂ ಇದೇ ಜಾಡಿನದು. ತತ್ತ್ವದಲ್ಲಿ ಅಂಗನವಾಡಿ ಸರಿಯಾದ ದಾರಿಯಲ್ಲಿದೆ. ಆ ದಾರಿಯಲ್ಲಿ ನಡೆಯಲು ಕಾರ್ಯಕರ್ತೆಗೆ ಹೊತ್ತು ಉಳಿಯುವುದಿಲ್ಲ. ಶಾಲೆಯ ಶಿಕ್ಷಕಿಗೆ ಹೊತ್ತಿದೆ. ದಾರಿ ತಪ್ಪುವ ಭಯವಿದೆ.

ಹಂಚಿಕೆಯ ಅಪಾಯ

ಹೀಗೆ ತೂಗಿದಾಗ ಒಂದೊಂದಕ್ಕೂ ಗುಣದೋಷಗಳಿವೆಯೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಈ ಎರಡು ಸಂಸ್ಥೆಗಳು ಪರಸ್ಪರ ಸಂಬಂಧವಿಲ್ಲದವಲ್ಲ. ಒಂದು ಬೆಳೆಯುವುದು ಇನ್ನೊಂದರ ಮಕ್ಕಳಿಂದ. ಗುಡ್ಡದ ಮೇಲಣ ಒಂದು ಅಂಗನವಾಡಿಯಲ್ಲಿ ಹದಿನಾರು ಮಕ್ಕಳಿದ್ದಾರೆಂದು ಭಾವಿಸೋಣ. ಹೋಬಳಿ ಶಾಲೆಯಲ್ಲಿ ಎಲ್‌ಕೆಜಿ ತೆರೆದೊಡನೆ ಬೈಕು ಉಳ್ಳವರ, ಆಟೋ ಬಾಡಿಗೆ ತೆರಬಲ್ಲವರ ಹತ್ತು ಮಕ್ಕಳು ಅಲ್ಲಿಗೆ ಹೋದರು. ಉಳಿದ ಆರು ಮಕ್ಕಳು ಯಾರು? ಲೈನುಮನೆಯವರು, ದೂರದ ನಾಡಿನಿಂದ ಬಂದವರು, ತೀರ ಎಳೆಯರು. ಹಾಡು ಹೇಳಿಕೊಡುತ್ತಿದ್ದ, ಕೈಹಿಡಿದು ಆಡಿಸುತ್ತಿದ್ದ ದೊಡ್ಡ ಮಕ್ಕಳು ಹೋದರು. ಕನ್ನಡ ಕಲಿಸುತ್ತಿದ್ದ ಒಡನಾಡಿಗಳು ಹೋದರು. ಶಿಶುಶಾಲೆ ಕ್ರಮೇಣ ಊಟದ ಮನೆಯಾಗುತ್ತದೆ. ಮಕ್ಕಳು ಕಡಮೆ ಎಂಬ ಕಾರಣಕ್ಕೆ ಮುಂದೊಂದು ದಿನ ಅದನ್ನು ಇನ್ನೊಂದರೊಡನೆ ವಿಲೀನಗೊಳಿಸುವ ಮಾತು ಏಳುತ್ತದೆ. ಆಗ ನಷ್ಟಪಡುವವರು ಹೋದ ಹತ್ತು ಮಕ್ಕಳಲ್ಲ, ಉಳಿದ ಆರು ಮಂದಿ.

ಶಾಲೆಗಳಲ್ಲಿ ಪೂರ್ವಪ್ರಾಥಮಿಕ ತರಗತಿ ತೆರೆಯುವುದನ್ನು ವಿರೋಧಿಸಿ ಅಂಗನವಾಡಿ ಕಾರ್ಯಕರ್ತೆಯರು ೨೦೧೯ರಲ್ಲಿಯೂ ೨೦೨೪ರಲ್ಲಿಯೂ ಬೀದಿಗಿಳಿದುದನ್ನು ಕೇವಲ ಉದ್ಯೋಗದ ಭಯವೆಂದು ಎಣಿಸುವುದು ಅರ್ಧಸತ್ಯ. ೨೦೨೪ರ ಜುಲೈನಲ್ಲಿ ರಾಜ್ಯ ಸರ್ಕಾರವು ಬೆಂಗಳೂರಿನ ೨೫೦ ಅಂಗನವಾಡಿಗಳಲ್ಲಿ ‘ಸರ್ಕಾರಿ ಮಾಂಟೆಸ್ಸೊರಿ’ಯನ್ನು ಆರಂಭಿಸಿದುದು ಈ ಬಿಕ್ಕಟ್ಟಿಗೆ ಒಂದು ಉತ್ತರ. ಇತ್ತ ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದು, ೨೦೨೫-೨೬ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಗೊಂಡಿತು. ಐದು ದಾಟಿ ಆರು ತುಂಬದ ಮಗು ಎಲ್ಲಿ ಕುಳಿತುಕೊಳ್ಳಬೇಕು ಎಂಬ ಪ್ರಶ್ನೆ ಹೀಗೆ ಮನೆಮನೆಯದಾಯಿತು.

ಪರಿಹಾರವೆಂದು ಕೆಲವರು ಅಂಗನವಾಡಿಗಳನ್ನು ಪ್ರಾಥಮಿಕ ಶಾಲೆಯ ಆವರಣಕ್ಕೆ ತರಬೇಕೆನ್ನುತ್ತಾರೆ. ೨೦೨೫ರಲ್ಲಿ ಕೇಂದ್ರ ಸರ್ಕಾರವು ಇದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿದೆ. ಆಲೂರಿನ ಪೂರ್ವಭಾಗದಂತೆ ಊರೂ ಶಾಲೆಯೂ ಒಂದೆಡೆ ಇರುವಲ್ಲಿ ಇದು ಉಚಿತವೇ: ಅಕ್ಕತಂಗಿಯರು ಕೂಡಿ ಬರುತ್ತಾರೆ, ಒಂದೇ ಬಾವಿ, ಒಂದೇ ಆಟದ ಬಯಲು. ಆದರೆ ಹೆತ್ತೂರು ಯಸಳೂರುಗಳ ಗುಡ್ಡಗಳಲ್ಲಿ ಅದೇ ಕ್ರಮವನ್ನು ಕಣ್ಣುಮುಚ್ಚಿ ಅನುಸರಿಸಿದರೆ ಅಂಗಳಕ್ಕೆ ಬಂದಿದ್ದ ಶಾಲೆಯು ಮತ್ತೆ ಅಂಗಳವನ್ನು ಬಿಟ್ಟು ಹೋದಂತಾಗುತ್ತದೆ. ಒಂದೇ ತಾಲ್ಲೂಕಿನೊಳಗೂ ಒಂದೇ ನಿಯಮ ಸಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಉಪಸಂಹಾರ

ಆದುದರಿಂದ ‘ಯಾವುದು ಮೇಲು?’ ಎಂಬ ಪ್ರಶ್ನೆಯನ್ನು ‘ಈ ಮಗುವಿಗೆ, ಈ ಗುಡ್ಡದಲ್ಲಿ, ಈ ಮಳೆಗಾಲದಲ್ಲಿ ಯಾವುದು ದಿನವೂ ದಕ್ಕುತ್ತದೆ?’ ಎಂದು ತಿದ್ದಿಕೊಳ್ಳಬೇಕು. ವಾರಕ್ಕೆ ಎರಡು ದಿನ ದಕ್ಕುವ ಚಂದದ ತರಗತಿಗಿಂತ ಆರು ದಿನ ದಕ್ಕುವ ಸಾಧಾರಣ ಕೇಂದ್ರವೇ ಮಗುವಿಗೆ ಹಿತ. ಹಾಗೆಂದು ಅದು ಸಾಧಾರಣವಾಗಿಯೇ ಉಳಿಯಬೇಕಾಗಿಲ್ಲ. ಶಾಲೆಯ ಶಿಕ್ಷಕಿಯಂತೆ ಪಾಠಕ್ಕೆಂದೇ ಮೀಸಲಾದ ಮೂರು ಗಂಟೆಗಳು, ದಾಖಲೆಯ ಹೊರೆಯಿಂದ ಬಿಡುಗಡೆ, ಮಳೆಗೆ ಸೋರದ ಸೂರು, ಮಕ್ಕಳ ಕೈಗೆ ಆಟಿಕೆ: ಇಷ್ಟು ದೊರೆತರೆ ಗುಡ್ಡದ ಅಂಗನವಾಡಿಯು ಹೋಬಳಿಯ ಎಲ್‌ಕೆಜಿಗೆ ಹೆಗಲೆಣೆಯಾಗಿ ನಿಲ್ಲಬಲ್ಲದು.

ಊರ ಹಿರಿಯರು ಮಾಡಬಹುದಾದುದೂ ಇದೆ. ಅಂಗನವಾಡಿಗೊಂದು ಬಾಲವಿಕಾಸ ಸಮಿತಿಯುಂಟು, ಸರ್ಕಾರಿ ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಈ ಎರಡೂ ಸಮಿತಿಗಳು ವರ್ಷಕ್ಕೊಮ್ಮೆಯಾದರೂ, ಮಳೆಗಾಲಕ್ಕೆ ಮುನ್ನ, ಒಂದೆಡೆ ಕುಳಿತು ತಮ್ಮ ಎಲ್ಲೆಯ ಮೂರರಿಂದ ಆರು ವರ್ಷದ ಮಕ್ಕಳ ಒಂದೇ ಪಟ್ಟಿಯನ್ನು ಮಾಡಲಿ. ಯಾವ ಮಗು ಎಲ್ಲಿಗೆ ಹೋಗುತ್ತದೆ, ಯಾವ ಮಗು ಎಲ್ಲಿಗೂ ಹೋಗುವುದಿಲ್ಲ, ಹೋಗದಿರಲು ಹಳ್ಳ ಕಾರಣವೋ ಆನೆ ಕಾರಣವೋ ಕೂಲಿಯ ಹೊತ್ತು ಕಾರಣವೋ ಎಂಬುದು ಆ ಪಟ್ಟಿಯಲ್ಲಿರಲಿ. ಅದು ಕೈಯಲ್ಲಿದ್ದರೆ ಪಂಚಾಯಿತಿಯು ಕಾಲುಸಂಕವನ್ನು ಎಲ್ಲಿ ಹಾಕಬೇಕೆಂಬುದೂ ತಿಳಿಯುತ್ತದೆ, ಇಲಾಖೆಯು ಯಾವ ಕೇಂದ್ರವನ್ನು ಮುಚ್ಚಬಾರದೆಂಬುದೂ ತಿಳಿಯುತ್ತದೆ.

ಕಾಫಿಯ ಸಸಿಯನ್ನು ನೆಟ್ಟವರು ಅದಕ್ಕೆ ಮೊದಲು ನೆರಳನ್ನು ಕಲ್ಪಿಸುತ್ತಾರೆ. ಫಲದ ಲೆಕ್ಕವನ್ನು ಆಮೇಲೆ ಮಾಡುತ್ತಾರೆ. ಮಲೆನಾಡಿನ ಜನರಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ತೋಟದ ಸಸಿಗೆ ಸಲ್ಲುತ್ತಿರುವ ಆ ವಿವೇಕವು ಲೈನುಮನೆಯ ಕೂಸಿಗೂ ಸಲ್ಲಲಿ.